ಇಗರ್ಜಿಯ ಹಳೆ ದಪ್ತರ, ಗದ್ದೆಯ ಹೊಸ ತೆನೆ: ಓದುಗರ ಪ್ರಶ್ನೆ, ನಮ್ಮ ಉತ್ತರ

ಈ ಸಲದ ಪ್ರಶ್ನೆಗಳೆಲ್ಲ ಕರಾವಳಿಯ ಕಥೋಲಿಕ ಇಗರ್ಜಿಗಳ ಬಗೆಗಿನವು. ಘಟ್ಟದ ಮೇಲಿನವರು ‘ಧರ್ಮಕೇಂದ್ರ’ ಎನ್ನುವುದನ್ನು ಇಲ್ಲಿ ಊರ ಬಳಕೆಯಂತೆ ‘ಇಗರ್ಜಿ’, ‘ಚರ್ಚ್’ ಎಂದೇ ಬರೆದಿದ್ದೇವೆ. ಒಂದೇ ವಿಷಯ ಕೇಳಿದ ಪತ್ರಗಳನ್ನು ಒಟ್ಟು ಸೇರಿಸಿದ್ದೇವೆ.

ಪ್ರಶ್ನೆ: ಇನ್ನೆರಡು ವರ್ಷದಲ್ಲಿ ನಮ್ಮ ಇಗರ್ಜಿಗೆ ನೂರು ತುಂಬುತ್ತದೆ. ಸ್ಮರಣ ಸಂಚಿಕೆಗೆ ಚರಿತ್ರೆ ಬರೆಯುವ ಕೆಲಸ ನಮ್ಮ ಮೂವರ ತಲೆಗೆ ಬಿದ್ದಿದೆ. ಎಪ್ಪತ್ತೈದರ ಹಬ್ಬದಲ್ಲಿ ಅಚ್ಚಾದ ಪುಸ್ತಕ ಬಿಟ್ಟರೆ ಕೈಯಲ್ಲಿ ಏನೂ ಇಲ್ಲ. ಎಲ್ಲಿಂದ ಶುರು ಮಾಡುವುದು? (ಬಂಟ್ವಾಳ)

ಆ ಪುಸ್ತಕವನ್ನು ಸದ್ಯ ಕಪಾಟಿನಲ್ಲಿಡಿ, ಕೊನೆಗೆ ಓದಿ. ಮೊದಲೇ ಓದಿದರೆ ಅದರ ತಪ್ಪುಗಳೂ ನಿಮ್ಮ ಕೈಬರಹಕ್ಕೆ ಇಳಿಯುತ್ತವೆ. ಅರ್ಧಕ್ಕರ್ಧ ಸ್ಮರಣ ಸಂಚಿಕೆಗಳಲ್ಲಿರುವುದು ಹಿಂದಿನ ಸಂಚಿಕೆಯ ನಕಲು, ಅದಕ್ಕೆ ಹೊಸ ಬಣ್ಣದ ಫೋಟೊ.

ಮೊದಲು ಇತ್ಯರ್ಥವಾಗಬೇಕಾದದ್ದು ‘ನೂರು’ ಯಾವುದಕ್ಕೆ ಎಂಬುದು. ಒಂದು ಇಗರ್ಜಿಗೆ ಕನಿಷ್ಠ ಮೂರು ಹುಟ್ಟುಗಳಿರುತ್ತವೆ. ಯಾರದೋ ಜಾಗದಲ್ಲಿ ಮುಳಿಹುಲ್ಲಿನ ಪ್ರಾರ್ಥನಾ ಮಂದಿರ ಎದ್ದು, ಮಾತೃ ಇಗರ್ಜಿಯ ಪಾದ್ರಿ ತಿಂಗಳಿಗೊಮ್ಮೆ ಬಂದು ಪೂಜೆ ಮಾಡತೊಡಗಿದ್ದು ಒಂದು. ಅಲ್ಲೇ ವಾಸವಿರುವ ಪಾದ್ರಿ ಬಂದದ್ದು ಎರಡನೆಯದು. ಬಿಷಪರು ಆದೇಶ ಹೊರಡಿಸಿ, ಗಡಿ ಗುರುತಿಸಿ, ಪೂರ್ಣ ಇಗರ್ಜಿ ಎಂದು ಸ್ಥಾಪಿಸಿದ್ದು ಮೂರನೆಯದು. ಚರ್ಚ್ ಕಾನೂನಿನ ಪ್ರಕಾರ (1983ರ ಸಂಹಿತೆಯ 515ನೇ ವಿಧಿ) ಇಗರ್ಜಿ ಎಂದರೆ ಕಟ್ಟಡವಲ್ಲ, ಗೊತ್ತಾದ ಒಂದು ಭಕ್ತ ಸಮುದಾಯ. ಅದನ್ನು ಸ್ಥಾಪಿಸುವ ಅಧಿಕಾರ ಬಿಷಪರೊಬ್ಬರದು. ಹಾಗಾಗಿ ಆದೇಶದ ತಾರೀಕೇ ಕಾಗದದ ಮೇಲಿನ ಹುಟ್ಟು. ಕಟ್ಟಡದ ವಯಸ್ಸು ಇವು ಮೂರಕ್ಕೂ ಬೇರೆ. ಮಂಗಳೂರಿನ ರೊಸಾರಿಯೊ 1568ರದ್ದು ಎನ್ನುತ್ತೇವೆ, ಆದರೆ ಈಗ ಕಣ್ಣಿಗೆ ಕಾಣುವ ಕಟ್ಟಡ ಇಪ್ಪತ್ತನೇ ಶತಮಾನದ್ದು. ನಿಮ್ಮ ಸಂಚಿಕೆಯಲ್ಲಿ ಎಲ್ಲ ತಾರೀಕುಗಳನ್ನೂ ಬೇರೆ ಬೇರೆಯಾಗಿ ಕೊಡಿ, ಹಬ್ಬ ಯಾವುದರದು ಎಂದು ಒಂದು ಸಾಲಿನಲ್ಲಿ ಹೇಳಿಬಿಡಿ. ಅರ್ಧ ಜಗಳ ಅಲ್ಲೇ ಮುಗಿಯುತ್ತದೆ.

ಇನ್ನು ಆಕರ. ಪಾದ್ರಿಗಳ ಅನುಮತಿ ಪಡೆದು ಜ್ಞಾನಸ್ನಾನ, ಮದುವೆ, ಮರಣದ ಮೂರು ದಪ್ತರಗಳನ್ನು ತೆರೆಯಿರಿ. ಹೆಸರುಗಳ ಬೆನ್ನು ಹತ್ತಬೇಡಿ. ಒಂದು ಉದ್ದ ಪುಸ್ತಕದಲ್ಲಿ ಎಡಕ್ಕೆ ವರ್ಷ, ಬಲಕ್ಕೆ ಮೂರು ಕಾಲಂ ಎಳೆದು ಬರೀ ಸಂಖ್ಯೆ ಬರೆಯುತ್ತ ಹೋಗಿ. ಮೂವರು ಕೂತರೆ ನೂರು ವರ್ಷದ ಲೆಕ್ಕ ನಾಲ್ಕೈದು ಭಾನುವಾರದ ಕೆಲಸ. ಆಮೇಲೆ ಆ ಹಾಳೆ ತಾನೇ ಮಾತಾಡುತ್ತದೆ. ಮರಣದ ಕಾಲಂ ಒಂದು ವರ್ಷ ಥಟ್ಟನೆ ಏರಿದ್ದರೆ ಆ ವರ್ಷದ ಪುಟಗಳನ್ನು ತಿಂಗಳುವಾರು ನೋಡಿ. ಏರಿಕೆ ಮಳೆಗಾಲದ್ದೋ, ಎರಡೇ ವಾರದ ಸಾಂಕ್ರಾಮಿಕದ್ದೋ, ಸತ್ತವರಲ್ಲಿ ಹಸುಳೆಗಳು ಎಷ್ಟು ಎಂಬುದೆಲ್ಲ ಅಲ್ಲೇ ಇರುತ್ತದೆ. 1918ಕ್ಕಿಂತ ಹಳೆಯ ಇಗರ್ಜಿಗಳಾದರೆ ಆ ವರ್ಷದ ಕೊನೆಯ ತಿಂಗಳುಗಳನ್ನು ತಪ್ಪದೆ ನೋಡಿ, ಇನ್‌ಫ್ಲುಯೆಂಜಾ ನಿಮ್ಮ ಊರಿಗೆ ಎಷ್ಟು ತಟ್ಟಿತೆಂದು ತಿಳಿಯುತ್ತದೆ. ಮದುವೆಗಳು ಮೊದಲಿನಷ್ಟೇ ಇದ್ದು ಜ್ಞಾನಸ್ನಾನ ಮಾತ್ರ ಇಳಿಯುತ್ತ ಬಂದಿದ್ದರೆ, ಜನ ಮುಂಬಯಿಗೋ ಗಲ್ಫಿಗೋ ಹೋಗಿ ಮದುವೆಗಷ್ಟೇ ಊರಿಗೆ ಬರತೊಡಗಿದರು ಎಂದು ಊಹಿಸಬಹುದು. ಊಹೆ ಸರಿಯೇ ಎಂದು ಮನೆಮನೆಯ ಕುಟುಂಬ ದಪ್ತರದಲ್ಲಿ ತಾಳೆ ನೋಡಿ.

ಯಾರೂ ಮುಟ್ಟದ, ಆದರೆ ಎಲ್ಲಕ್ಕಿಂತ ರುಚಿಯಾದ ಆಕರವೆಂದರೆ ಲೆಕ್ಕದ ಪುಸ್ತಕ. ಎಷ್ಟು ಮುಡಿ ಅಕ್ಕಿ ಗೇಣಿ ಬಂತು, ಹಂಚು ಎಲ್ಲಿಂದ ಬಂತು, ಗಂಟೆ ಏರಿಸಿದವರಿಗೆ ಕೊಟ್ಟ ಕೂಲಿ ಎಷ್ಟು, ಎಲ್ಲ ಅಲ್ಲಿರುತ್ತದೆ. ಇಗರ್ಜಿಗೆ ಗೇಣಿ ಜಮೀನು ಇದ್ದಿದ್ದರೆ 1974ರ ಮಾರ್ಚ್ 1ರ ನಂತರದ ಪುಟಗಳನ್ನು ನೋಡಲೇಬೇಕು. ಭೂಸುಧಾರಣೆಯ ತಿದ್ದುಪಡಿ ಜಾರಿಗೆ ಬಂದ ದಿನ ಅದು. ಇಗರ್ಜಿಯ ಗೇಣಿ ಆದಾಯ ನಿಂತದ್ದೂ, ಅದೇ ಇಗರ್ಜಿಯ ಒಕ್ಕಲುಗಳು ತಾವು ಉಳುತ್ತಿದ್ದ ನೆಲಕ್ಕೆ ಒಡೆಯರಾದದ್ದೂ ಒಂದೇ ಕಾನೂನಿನಿಂದ. ಎರಡನ್ನೂ ಬರೆಯಿರಿ. ಒಂದನ್ನು ಮಾತ್ರ ಬರೆದ ಸಂಚಿಕೆಗಳೇ ಹೆಚ್ಚು.

ಊರ ಹೊರಗಿನ ಆಕರಕ್ಕೆ ಕೊಂಕಣಿ ವಾರಪತ್ರಿಕೆ ‘ರಾಕ್ಣೊ’ ನೋಡಿ. 1938ರಿಂದ ಮಂಗಳೂರು ಧರ್ಮಪ್ರಾಂತ್ಯದಿಂದ ಹೊರಡುತ್ತಿದೆ, ಇಗರ್ಜಿಗಳ ಸುದ್ದಿ ಅದರ ನಿತ್ಯದ ಸರಕು. ಬಾಯಿಮಾತಿನ ನೆನಪುಗಳನ್ನು ಬೇಡ ಎನ್ನುವುದಿಲ್ಲ. ಆದರೆ ಎಂಬತ್ತರ ಅಜ್ಜಿಯ ಹತ್ತಿರ “ಇಗರ್ಜಿ ಯಾವಾಗ ಕಟ್ಟಿದ್ದು?” ಎಂದು ಕೇಳಬೇಡಿ. “ನಿಮ್ಮ ಕೊಮುನ್ಯಾಂವಿಗೆ ನೆಲ ಸೆಗಣಿಯದೋ ಸಿಮೆಂಟಿನದೋ?” ಎಂದು ಕೇಳಿ. ಅವರ ಪ್ರಥಮ ಪರಮಪ್ರಸಾದದ ವರ್ಷ ಹೇಗೂ ಸಿಗುತ್ತದೆ, ನೆಲದ ವರ್ಷ ಅದರಿಂದ ಹೊರಬೀಳುತ್ತದೆ.

ಪ್ರಶ್ನೆ: ಮುತ್ತಜ್ಜನ ಜ್ಞಾನಸ್ನಾನದ ದಾಖಲೆಯ ಫೋಟೊ ಸಿಕ್ಕಿದೆ. ಲ್ಯಾಟಿನ್‌ನಲ್ಲಿದೆ. “12 7ಬ್ರಿಸ್ 1887” ಎಂದಿರುವುದನ್ನು ಜುಲೈ 12 ಎಂದು ಓದಿದೆವು. ಮನೆಯ ಹಳೆ ಬೈಬಲ್ಲಿನಲ್ಲಿ ಸೆಪ್ಟೆಂಬರ್ ಎಂದಿದೆ. ಯಾವುದು ಸರಿ? (ಮುಂಬಯಿ)

ಬೈಬಲ್ಲಿನದೇ ಸರಿ. ಲ್ಯಾಟಿನ್‌ನಲ್ಲಿ ‘ಸೆಪ್ತೆಮ್’ ಎಂದರೆ ಏಳು. ಪಾದ್ರಿಗಳು ‘ಸೆಪ್ತೆಂಬ್ರಿಸ್’ ಎಂದು ಪೂರ್ತಿ ಬರೆಯುವ ಬದಲು 7 ಹಾಕಿ ‘ಬ್ರಿಸ್’ ಸೇರಿಸುತ್ತಿದ್ದರು. ಹಾಗೆಯೇ 8ಬ್ರಿಸ್ ಅಕ್ಟೋಬರ್, 9ಬ್ರಿಸ್ ನವೆಂಬರ್, ರೋಮನ್ ಹತ್ತರ ಗುರುತಿನ ಪಕ್ಕ ‘ಬ್ರಿಸ್’ ಇದ್ದರೆ ಡಿಸೆಂಬರ್. ರೋಮನ್ನರ ಹಳೆ ಪಂಚಾಂಗದಲ್ಲಿ ವರ್ಷ ಮಾರ್ಚಿಗೆ ಶುರುವಾಗುತ್ತಿದ್ದುದರಿಂದ ಸೆಪ್ಟೆಂಬರ್ ಏಳನೆಯ ತಿಂಗಳಾಗಿತ್ತು. ಹೆಸರು ಹಾಗೇ ಉಳಿಯಿತು. ಪೋರ್ಚುಗೀಸ್ ದಾಖಲೆಗಳಲ್ಲೂ ಇದೇ ಚಾಳಿ, ಅಲ್ಲಿ ‘7ಬ್ರೊ’ ಎಂದಿರುತ್ತದೆ. ವಂಶಾವಳಿ ಬರೆಯುವವರು ಎಡವುವುದು ಇಲ್ಲೇ. ಈ ಒಂದು ತಪ್ಪಿನಿಂದ ಅಣ್ಣತಮ್ಮಂದಿರ ನಡುವೆ ಏಳು ತಿಂಗಳ ಅಂತರ ಬಂದು, “ಎರಡನೇ ಹೆಂಡತಿಯ ಮಗನಿರಬೇಕು” ಎಂಬ ಕತೆ ಹುಟ್ಟಿಕೊಳ್ಳುತ್ತದೆ.

ನಿಮ್ಮ ಫೋಟೊದ ಉಳಿದ ಸಾಲುಗಳನ್ನೂ ಬಿಡಿಸೋಣ. ಆ ಕಾಲದ ಬರವಣಿಗೆ ಹೆಚ್ಚು ಕಡಿಮೆ ಒಂದೇ ಅಚ್ಚಿನದು. ‘ದಿಯೆ 12 7ಬ್ರಿಸ್’ ಅಂದರೆ ಸೆಪ್ಟೆಂಬರ್ 12ರಂದು. ‘ಎಗೊ ಇನ್ಫ್ರಾಸ್ಕ್ರಿಪ್ತುಸ್ ಬಾಪ್ತಿಜಾವಿ’ ಅಂದರೆ ಕೆಳಗೆ ಸಹಿ ಮಾಡಿದ ನಾನು ಜ್ಞಾನಸ್ನಾನ ಕೊಟ್ಟೆ. ‘ಇನ್ಫಾಂತೆಮ್ ನಾತುಮ್ ದಿಯೆ 8 ಎಯುಸ್ದೆಮ್ ಮೆನ್ಸಿಸ್’ ಅಂದರೆ ಇದೇ ತಿಂಗಳ 8ರಂದು ಹುಟ್ಟಿದ ಮಗುವಿಗೆ. ಅಂದರೆ ಮೊದಲು ಕಾಣುವ ತಾರೀಕು ಹುಟ್ಟಿದ್ದಲ್ಲ, ಜ್ಞಾನಸ್ನಾನದ್ದು. ಇದು ಎರಡನೇ ಗುಂಡಿ. ‘ಪ್ರಿದಿಯೆ ನಾತುಮ್’ ಎಂದಿದ್ದರೆ ಹಿಂದಿನ ದಿನ ಹುಟ್ಟಿದ್ದು. ‘ಪಾತ್ರಿನುಸ್’, ‘ಮಾತ್ರಿನಾ’ ಎಂದರೆ ದೇವತಂದೆ, ದೇವತಾಯಿ. ‘ಅಬ್ ಒಬ್ಸ್ತೆತ್ರಿಚೆ’ ಎಂದು ಕಂಡರೆ ಮಗು ಬದುಕುವುದು ಅನುಮಾನವಾಗಿ ಸೂಲಗಿತ್ತಿಯೇ ಮನೆಯಲ್ಲಿ ನೀರು ಹಾಕಿದ್ದಳು ಎಂದರ್ಥ. ಆಕೆ ಸರಿಯಾಗಿ ಕೊಟ್ಟಿದ್ದಳೋ ಇಲ್ಲವೋ ಎಂದು ಖಾತ್ರಿಯಿಲ್ಲದಾಗ ಇಗರ್ಜಿಯಲ್ಲಿ ‘ಸುಬ್ ಕೊಂದಿತಿಯೊನೆ’, ಅಂದರೆ ಷರತ್ತಿನ ಮೇಲೆ, ಮತ್ತೊಮ್ಮೆ ಕೊಡುತ್ತಿದ್ದರು.

ಹೆಸರುಗಳನ್ನು ಲ್ಯಾಟಿನ್ ರೂಪದಲ್ಲೇ ಹುಡುಕಿ. ಮನೆಯಲ್ಲಿ ಬಸ್ತ್ಯಾಂವ್ ಆದವರು ದಪ್ತರದಲ್ಲಿ ಸೆಬಾಸ್ತಿಯಾನುಸ್, ಮಾನ್ವೆಲ್ ಎಮ್ಮಾನುಯೆಲ್, ದುಮಿಂಗ್ ದೊಮಿನಿಕುಸ್, ವಿಲ್ಯಮ್ ಗುಲಿಯೆಲ್ಮುಸ್. ಲುವಿಸ್ ಆದವರು ಲುದೊವಿಕುಸ್ ಆಗಿರಬಹುದು, ಅಲೊಯ್ಸಿಯುಸ್ ಕೂಡ ಆಗಿರಬಹುದು, ಎರಡೂ ನೋಡಿ. ಅಡ್ಡಹೆಸರಿನ ಭರವಸೆ ಬೇಡ. ಒಂದೇ ವಾಳೆಯಲ್ಲಿ (ಇಗರ್ಜಿಯ ವಾರ್ಡು) ಇಪ್ಪತ್ತು ಡಿಸೋಜ ಮನೆಗಳಿದ್ದರೆ ಗಂಡ-ಹೆಂಡತಿಯ ಹೆಸರಿನ ಜೋಡಿ ಮತ್ತು ಮನೆಯ ಹೆಸರಷ್ಟೇ ದಾರಿ ತೋರಿಸುವುದು.

ಅಂಚಿನಲ್ಲಿ ಸಣ್ಣಕ್ಷರದ ಟಿಪ್ಪಣಿ ಇದೆಯೇ ನೋಡಿ. 1908ರ ಈಸ್ಟರಿನಿಂದ ಜಾರಿಗೆ ಬಂದ ‘ನೆ ತೆಮೆರೆ’ ಎಂಬ ಆದೇಶದ ಪ್ರಕಾರ, ಯಾರೇ ಎಲ್ಲೇ ಮದುವೆಯಾದರೂ ಅವರ ಜ್ಞಾನಸ್ನಾನದ ಇಗರ್ಜಿಗೆ ತಿಳಿಸಬೇಕು, ಅಲ್ಲಿ ಅಂಚಿನಲ್ಲಿ ಬರೆದುಕೊಳ್ಳಬೇಕು. 1887ರಲ್ಲಿ ಹುಟ್ಟಿದವರು ಅಷ್ಟು ಹೊತ್ತಿಗೆ ಇಪ್ಪತ್ತರ ಆಸುಪಾಸಿನವರು. ಮದುವೆ ಆ ಮೇಲೆ ಆಗಿದ್ದರೆ ಮುತ್ತಜ್ಜಿಯ ಹೆಸರು ಅದೇ ಪುಟದ ಅಂಚಿನಲ್ಲಿ ಸಿಕ್ಕೀತು. ಫೋಟೊ ತೆಗೆದವರು ಅಂಚನ್ನು ಕತ್ತರಿಸಿದ್ದರೆ ಇನ್ನೊಮ್ಮೆ ತೆಗೆಸಿ.

ಪ್ರಶ್ನೆ: ನಮ್ಮದು 1784ಕ್ಕಿಂತ ಹಿಂದಿನ ಇಗರ್ಜಿ ಎನ್ನುತ್ತಾರೆ. ಆದರೂ ದಪ್ತರ 1800ರ ಈಚಿನದೇ. ಹಳೆಯವು ಗೋವೆಯಲ್ಲಿ ಸಿಗುತ್ತವೆಯೇ? (ಮೂಡುಬಿದಿರೆ)

1784ರ ಫೆಬ್ರವರಿಯ ವಿಭೂತಿ ಬುಧವಾರ. ಟಿಪ್ಪುವಿನ ಆಜ್ಞೆಯಂತೆ ಕೆನರಾದ ಕ್ರೈಸ್ತರನ್ನು ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ನಡೆಸಿಕೊಂಡು ಹೋದ ದಿನವೆಂದು ಸಮುದಾಯ ನೆನಪಿಟ್ಟುಕೊಂಡಿದೆ. ಎಷ್ಟು ಜನ ಎಂಬುದರಲ್ಲಿ ಲೆಕ್ಕಗಳು ಒಂದಕ್ಕೊಂದು ಹೊಂದುವುದಿಲ್ಲ. ಮೂವತ್ತು ಸಾವಿರದಿಂದ ಎಂಬತ್ತು ಸಾವಿರದವರೆಗೆ ಹೇಳಿಕೆಗಳಿವೆ, ಸಂಚಿಕೆಗಳಲ್ಲಿ ಹೆಚ್ಚಾಗಿ ಕಾಣುವುದು ಅರವತ್ತು ಸಾವಿರ. ಇಪ್ಪತ್ತೇಳು ಇಗರ್ಜಿಗಳು ನೆಲಸಮವಾದವೆಂದು ಪರಂಪರೆ ಹೇಳುತ್ತದೆ. ನಿಮ್ಮ ಊರಿನ ಹೊಸಪೇಟೆಯ ಹೋಲಿ ಕ್ರಾಸ್ ಇಗರ್ಜಿ ಮಾತ್ರ ಚೌಟ ಅರಸರ ದಯೆಯಿಂದ ಉಳಿಯಿತೆಂಬ ಮಾತೂ ಅದೇ ಪರಂಪರೆಯದು. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದ ಮೇಲೆ ಬದುಕುಳಿದವರು ಮರಳಿದರು, ಇಗರ್ಜಿಗಳು ಮತ್ತೆ ಎದ್ದವು. ಕಟ್ಟಡ ಹೋದಲ್ಲಿ ಕಾಗದ ಉಳಿಯುವುದೆಲ್ಲಿ? ಬಹುಪಾಲು ದಪ್ತರಗಳು ಆ ಬಳಿಕ ಶುರುವಾಗಲು ಇದೇ ಕಾರಣ.

ಗೋವೆಗೆ ಹೋಗುವ ಮೊದಲು ಒಂದು ಮಾತು. ಜ್ಞಾನಸ್ನಾನದ ಮೂಲ ದಪ್ತರ ಇರುವುದು ಆಯಾ ಇಗರ್ಜಿಯಲ್ಲಿ. ಮೇಲಧಿಕಾರಿಗಳ ಭಂಡಾರದಲ್ಲಿ ಹುಡುಕಬೇಕಾದದ್ದು ಪಾದ್ರಿಗಳ ನೇಮಕ, ಜಗಳ, ದುರಸ್ತಿಗಳ ಪತ್ರವ್ಯವಹಾರ. ನಿಮಗೆ ಬೇಕಾದದ್ದು ಇಗರ್ಜಿಯ ಇತಿಹಾಸವಾದರೆ ಹೋಗಿ, ಅಜ್ಜನ ಹೆಸರಾದರೆ ಮೊದಲು ನೆರೆಯ ಇಗರ್ಜಿಗಳನ್ನು ಕೇಳಿ. 1838ರಲ್ಲಿ ರೋಮ್ ಈ ಪ್ರದೇಶವನ್ನು ಗೋವೆಯಿಂದ ತಪ್ಪಿಸಿ ಕೇರಳದ ವರಾಪುಳದ ಕೈಗೆ ಕೊಟ್ಟಿತು, 1845ರಲ್ಲಿ ಮಂಗಳೂರು ಬೇರೆಯಾಯಿತು, 1886ರಲ್ಲಿ ಧರ್ಮಪ್ರಾಂತ್ಯವಾಯಿತು. ಈ ನಡುವೆ ಕೆಲವರು ಗೋವೆಯ ಪಾದ್ರಿಗಳನ್ನು ಬಿಡಲೊಪ್ಪದೆ ಅವರ ಹಿಂದೆಯೇ ಹೋದರು. ಹಾಗಾಗಿ ಒಂದೇ ಮನೆಯ ಮಕ್ಕಳ ಹೆಸರು ಎರಡು ಇಗರ್ಜಿಗಳ ದಪ್ತರದಲ್ಲಿ ಹಂಚಿಹೋಗಿದ್ದರೆ ಆಶ್ಚರ್ಯವಿಲ್ಲ.

ಪ್ರಶ್ನೆ: ಮೊಂತಿ ಹಬ್ಬಕ್ಕೆ (ನಮ್ಮ ಹೊಸ ತೆನೆಯ ಹಬ್ಬ) ತೆನೆ ಸಿಗುವುದೇ ಕಷ್ಟವಾಗಿದೆ. ಕಳೆದ ವರ್ಷ ಇಗರ್ಜಿಯ ಜಾಗದಲ್ಲೇ ಯುವಕರು ಭತ್ತ ಬೆಳೆದರು. ಹಬ್ಬದ ದಿನ ತೆನೆ ತುಂಬ ಎಳಸಾಗಿತ್ತು, ಹಿಚುಕಿದರೆ ಬರೀ ಹಾಲು. ಲೆಕ್ಕ ಎಲ್ಲಿ ತಪ್ಪಿತು? ಎಷ್ಟು ಗದ್ದೆ ಬೇಕು? ನಮ್ಮಲ್ಲಿ 600 ಮನೆಗಳಿವೆ. ಈ ಹಬ್ಬ ಹುಟ್ಟಿದ್ದು ಹೇಗೆ ಎಂದೂ ತಿಳಿಸಿ. (ಕುಂದಾಪುರ)

ಮಳೆ ನೋಡಿಕೊಂಡು ಬಿತ್ತಿರಬೇಕು, ತಪ್ಪು ಅಲ್ಲೇ. ಹಬ್ಬ ಸೆಪ್ಟೆಂಬರ್ 8ಕ್ಕೆ ಕಟ್ಟಿಹಾಕಿದ್ದು, ಮುಂಗಾರು ಅಲ್ಲ. ಆದ್ದರಿಂದ ಹಬ್ಬದಿಂದ ಹಿಂದಕ್ಕೆ ಎಣಿಸಬೇಕು.

ಭತ್ತ ಹೂ ಬಿಟ್ಟು ಪೂರ್ತಿ ಮಾಗಲು ಸುಮಾರು 30 ದಿನ. ಮೊದಲ ಹತ್ತು ಹನ್ನೆರಡು ದಿನ ಕಾಳಿನೊಳಗೆ ಹಾಲು, ಆಮೇಲೆ ಹಿಟ್ಟಿನ ಹದ, ಇಪ್ಪತ್ತರ ಹೊತ್ತಿಗೆ ಉಗುರಿಗೆ ಗಟ್ಟಿ. ಮನೆಗೆ ಕೊಂಡೊಯ್ದ ತೆನೆಯ ಕಾಳು ಸುಲಿದು ಹಾಲಿಗೋ ಪಾಯಸಕ್ಕೋ ಹಾಕಬೇಕಲ್ಲ, ಅದಕ್ಕೆ ಈ ಕೊನೆಯ ಹದವೇ ಬೇಕು. ಕಟಾವಿಗೆ ಇನ್ನೂ ಹತ್ತು ದಿನ ಇದೆ ಎನ್ನುವಾಗಿನ ತೆನೆ ಅದು, ನೋಡಲೂ ಚೆಂದ, ತುದಿ ಬಾಗಿ ಅರ್ಧ ಹಳದಿ ಅರ್ಧ ಹಸಿರು. ಲೆಕ್ಕ ಸುಲಭ: ತಳಿಯ ಒಟ್ಟು ಅವಧಿಯಿಂದ 10 ಕಳೆಯಿರಿ, ಅಷ್ಟು ದಿನ ಸೆಪ್ಟೆಂಬರ್ 8ರಿಂದ ಹಿಂದಕ್ಕೆ ಹೋಗಿ. 120 ದಿನದ ತಳಿಗೆ ಬೀಜ ಹಾಕುವ ದಿನ ಮೇ 21, 130 ದಿನದ್ದಕ್ಕೆ ಮೇ 11. ನೀವು ಜೂನ್ ಮೊದಲ ವಾರ ಬಿತ್ತಿದ್ದರೆ ಎರಡು ವಾರ ತಡವಾಯಿತು, ಹಾಲೇ ಸಿಗಬೇಕು.

ಮೇ ತಿಂಗಳಲ್ಲಿ ಮಳೆಯ ಭರವಸೆ ಇಲ್ಲ. ಅದಕ್ಕೆ ನೇಜಿಯನ್ನು (ಭತ್ತದ ಸಸಿ) ಬಾವಿಯ ಬಳಿ ಚಾಪೆ ಮಡಿಯಲ್ಲಿ ಹಾಕಿ, ಬೆಳಿಗ್ಗೆ ಸಂಜೆ ನೀರು ಚಿಮುಕಿಸಿ. 20–25 ದಿನಕ್ಕೆ ನಾಟಿ, ಅಷ್ಟರಲ್ಲಿ ಮುಂಗಾರು ಬಂದಿರುತ್ತದೆ.

ಜಾಗ ಕೇಳಿದರೆ ನಗು ಬರಬಹುದು, ಒಂದು ಸೆಂಟ್ಸ್ ಸಾಕು. 20 ಸೆಂ.ಮೀ.ಗೆ 15 ಸೆಂ.ಮೀ. ಅಂತರದಲ್ಲಿ ನೆಟ್ಟರೆ ಒಂದು ಚದರ ಮೀಟರಿಗೆ 33 ಬುಡ. ಬುಡಕ್ಕೆ ಆರು ಒಳ್ಳೆಯ ತೆನೆ ಎಂದು ಕಡಿಮೆಯಲ್ಲೇ ಹಿಡಿದರೂ 200 ತೆನೆ. 600 ಮನೆಗೆ ಐದರಂತೆ 3,000 ತೆನೆ ಎಂದರೆ 15 ಚದರ ಮೀಟರ್. ಗಾಳಿಗೆ ಮಲಗಿದ್ದು, ಗಿಳಿ-ಮುನಿಯ ತಿಂದದ್ದು, ಪೊಳ್ಳು ಎಂದು ಅಷ್ಟೇ ಬಿಟ್ಟರೂ 30. ಒಂದು ಸೆಂಟ್ಸ್ ಎಂದರೆ 40 ಚದರ ಮೀಟರ್. ಬೀಜ ಕಾಲು ಕಿಲೊ. ಯೂರಿಯಾ ಸುರಿದು ಹಸಿರು ಏರಿಸಲು ಹೋಗಬೇಡಿ. ಗಿಡ ಎತ್ತರವಾಗಿ ಆಗಸ್ಟ್ ಮಳೆಗೆ ಅಡ್ಡ ಬಿದ್ದರೆ ತೆನೆ ಕೆಸರಲ್ಲೇ ಮೊಳೆಯುತ್ತದೆ. ಹೂ ಬಿಟ್ಟ ಮೇಲೆ ಮೇಲಿಂದ ಬಲೆ ಎಳೆದರೆ ಹಕ್ಕಿಯ ಕಾಟವಿಲ್ಲ.

ಕೊಯ್ಯುವುದು 7ರ ಸಂಜೆ, ಮಳೆ ಬಿಟ್ಟಾಗ, ಒಂದೂವರೆ ಅಡಿ ಕಡ್ಡಿ ಉಳಿಸಿ. ಐದೈದರ ಕಟ್ಟು ಮಾಡಿ ಬಕೆಟ್ಟಿನ ನೀರಿನಲ್ಲಿ ನಿಲ್ಲಿಸಿ, ಹೂವಿನಂತೆ. ಒದ್ದೆ ತೆನೆಯನ್ನು ರಾಶಿ ಹಾಕಿ ಗೋಣಿ ಮುಚ್ಚಿದರೆ ರಾತ್ರಿ ಬೆಳಗಾಗುವುದರಲ್ಲಿ ಒಳಗೆ ಬಿಸಿಯೇರಿ ವಾಸನೆ ಬರುತ್ತದೆ. ಹಂಚುವಾಗ ವಾಳೆಗೊಂದು ಬಕೆಟ್, ವಾಳೆಯ ಮುಖ್ಯಸ್ಥರಾದ ಗುರಿಕಾರರ ಕೈಗೆ. ಬಾಗಿಲಲ್ಲಿ ಒಂದೇ ಕಡೆ ಹಂಚಿದರೆ ಮೊದಲು ಬಂದವರು ಎರಡು ಕಟ್ಟು ಒಯ್ಯುತ್ತಾರೆ, ಕೊಯರಿನವರಿಗೆ ಕಡ್ಡಿ ಉಳಿಯುತ್ತದೆ.

ಹಬ್ಬದ ಹುಟ್ಟನ್ನೂ ಕೇಳಿದ್ದೀರಿ. ಸೆಪ್ಟೆಂಬರ್ 8 ಮಾತೆ ಮರಿಯಮ್ಮನವರ ಜನನದ ಹಬ್ಬ, ಜಗತ್ತಿನ ಕಥೋಲಿಕರೆಲ್ಲರಿಗೂ ಸಾಮಾನ್ಯ. ಆಗಸ್ಟ್ 30ರಿಂದ ಒಂಬತ್ತು ದಿನ ನೊವೆನಾ, ಮಕ್ಕಳು ಹೂ ತಂದು ಬಾಲೆ ಮರಿಯಳಿಗೆ ಅರ್ಪಿಸುವುದು. ಇದಕ್ಕೆ ಹೊಸ ತೆನೆ ಕೂಡಿಕೊಂಡದ್ದು ಈ ನೆಲದಿಂದ. ತುಳುವರು ಕುರಲ್ ತಂದು ಮನೆ ತುಂಬಿಸಿಕೊಂಡು ಪುದ್ವಾರ್ ಉಣ್ಣುವುದೂ, ಕಥೋಲಿಕರು ಆ ದಿನ ಮೀನು ಮಾಂಸ ಬಿಟ್ಟು ಬಾಳೆಲೆಯ ಮೇಲೆ ಬೆಸ ಸಂಖ್ಯೆಯ ತರಕಾರಿ ಪದಾರ್ಥ ಬಡಿಸಿ ಹೊಸತು ಉಣ್ಣುವುದೂ ಅಕ್ಕಪಕ್ಕದ ಮನೆಯ ಆಚರಣೆಗಳು. ಫರಂಗಿಪೇಟೆಯ ಮೊಂತೆ ಮರಿಯಾನೊ ಇಗರ್ಜಿಯಲ್ಲಿ ಪಾದ್ರಿ ಜೋಕಿಂ ಮಿರಾಂದರು ಹದಿನೆಂಟನೇ ಶತಮಾನದಲ್ಲಿ ಇದನ್ನು ಆರಂಭಿಸಿದರೆಂದು ಹೇಳುವ ವಾಡಿಕೆ. ‘ಮೊಂತಿ’ ಆ ‘ಮೊಂತೆ’ಯಿಂದ, ಅಂದರೆ ಗುಡ್ಡದಿಂದ, ಬಂದ ಮಾತು.

ಪ್ರಶ್ನೆ: ಸಂತ ಲಾರೆನ್ಸರ ಹಬ್ಬ ಆಗಸ್ಟ್ 10. ಅತ್ತೂರಿನ ಜಾತ್ರೆ ಮಾತ್ರ ಜನವರಿಯಲ್ಲಿ. ಹೀಗೇಕೆ? (ಕಾರ್ಕಳ)

ಆಗಸ್ಟಿನಲ್ಲಿ ಕಾರ್ಕಳದ ಮಳೆ ನೋಡಿದವರು ಕೇಳುವ ಪ್ರಶ್ನೆಯಲ್ಲ ಇದು! ಪಂಚಾಂಗದ ಹಬ್ಬವನ್ನು ಆ ದಿನವೇ ಪೂಜೆಯಲ್ಲಿ ಆಚರಿಸಿ, ಮೆರವಣಿಗೆ, ಸಂತೆ, ದೂರದ ಭಕ್ತರು ಸೇರುವ ವಾರ್ಷಿಕ ಮಹೋತ್ಸವವನ್ನು ಬೇಸಗೆಗೆ ಇಟ್ಟುಕೊಳ್ಳುವುದು ಕರಾವಳಿಯ ಪದ್ಧತಿ. ಸಾಂತ್‌ಮಾರಿ ಎನ್ನುವ ಈ ವಾರ್ಷಿಕ ಜಾತ್ರೆಗಳೆಲ್ಲ ಬಹುತೇಕ ಕೊಯ್ಲು ಮುಗಿದು ಮಳೆ ಹೋದ ಮೇಲೆ, ಈಸ್ಟರಿಗೆ ಮುಂಚಿನ ತಪಸ್ಸುಕಾಲ ಶುರುವಾಗುವುದರೊಳಗೆ ಬರುವುದು ಅದಕ್ಕೇ. ಅತ್ತೂರು 1759ರಿಂದ ನಡೆದುಬಂದ ಇಗರ್ಜಿ, 2016ರಲ್ಲಿ ಮೈನರ್ ಬೆಸಿಲಿಕ ಎಂಬ ಪದವಿ ಸಿಕ್ಕಿತು. ಜಾತ್ರೆಗೆ ಬಂದು ಮೊಂಬತ್ತಿ ಹಚ್ಚುವವರಲ್ಲಿ ಎಲ್ಲ ಧರ್ಮದವರೂ ಇದ್ದಾರೆ. ವಾರ್ಷಿಕ ಹಬ್ಬದ ಹಿಂದಿನ ಭಾನುವಾರದ ಪರಮಪ್ರಸಾದ ಮೆರವಣಿಗೆಗೆ ‘ಭ್ರಾತೃತ್ವದ ಭಾನುವಾರ’ ಎನ್ನುತ್ತಾರೆ, ಅದು ಇಗರ್ಜಿಯ ಒಳಗಿನವರ ಹಬ್ಬ. ಜಾತ್ರೆ ಊರಿನದು.

ಪ್ರಶ್ನೆ: ಗುರಿಕಾರ, ಪಾಲನಾ ಮಂಡಳಿ, ಹಣಕಾಸು ಸಮಿತಿ, ಇವುಗಳಲ್ಲಿ ಯಾರ ಮಾತು ನಡೆಯಬೇಕು? ಸಭಾಭವನದ ವಿಷಯದಲ್ಲಿ ನಮ್ಮಲ್ಲಿ ತಕರಾರಾಗಿದೆ. (ಊರ ಹೆಸರು ಬೇಡ ಎಂದಿದ್ದಾರೆ)

ಕಾನೂನಿನ ಮಟ್ಟಿಗೆ ಉತ್ತರ ಚಿಕ್ಕದು. ಪಾಲನಾ ಮಂಡಳಿಗೆ ಅಧ್ಯಕ್ಷರು ಪ್ರಧಾನ ಧರ್ಮಗುರುಗಳೇ. ಉಪಾಧ್ಯಕ್ಷರು, ಕಾರ್ಯದರ್ಶಿ ಭಕ್ತರಲ್ಲಿ ಒಬ್ಬರು. ಮಂಡಳಿಯ ಮತ ಸಲಹೆ ಮಾತ್ರ ಎಂದು ಚರ್ಚ್ ಸಂಹಿತೆಯ 536ನೇ ವಿಧಿ ಬಿಚ್ಚಿ ಹೇಳುತ್ತದೆ. ಹಣಕಾಸು ಸಮಿತಿ ಹಾಗಲ್ಲ, ಪ್ರತಿ ಇಗರ್ಜಿಯಲ್ಲೂ ಇರಲೇಬೇಕು (537). ಆದರೆ ಅದೂ ನೆರವಿಗೆ, ಕಾಗದಪತ್ರದಲ್ಲಿ ಇಗರ್ಜಿಯ ಪರವಾಗಿ ಸಹಿ ಹಾಕುವವರು ಧರ್ಮಗುರುಗಳು (532). ಬಹುಮತದಿಂದ ಠರಾವು ಮಾಡಿ ಧರ್ಮಗುರುಗಳ ಮುಂದಿಟ್ಟ ಮಾತ್ರಕ್ಕೆ ಕಟ್ಟಡ ಏಳುವುದಿಲ್ಲ. ದೊಡ್ಡ ಖರ್ಚಿಗೆ ಬಿಷಪರ ಲಿಖಿತ ಒಪ್ಪಿಗೆಯೂ ಬೇಕು.

ಭಕ್ತರ ಕೈಯಲ್ಲಿ ಇರುವ ಬಲವೇ ಬೇರೆ: 1287ನೇ ವಿಧಿಯ ಎರಡನೇ ಭಾಗ. ಭಕ್ತರು ಕೊಟ್ಟದ್ದರ ಲೆಕ್ಕ ಭಕ್ತರಿಗೆ ಕೊಡಬೇಕು. ತಕರಾರು ಇರುವಲ್ಲಿ “ಅಧಿಕಾರ ಯಾರದು” ಎಂಬ ಚರ್ಚೆಗಿಂತ “ಕಳೆದ ವರ್ಷದ ಜಮಾ-ಖರ್ಚು ನೋಟಿಸ್ ಬೋರ್ಡಿಗೆ ಹಾಕಿ” ಎಂಬ ಒಂದು ಸಾಲಿನ ಅರ್ಜಿ ಹೆಚ್ಚು ಕೆಲಸ ಮಾಡುತ್ತದೆ.

ಗುರಿಕಾರರ ಕತೆ ಇದಕ್ಕಿಂತ ಹಳೆಯದು. ಪದವೇ ಕನ್ನಡ-ತುಳುವಿನದು, ರೋಮಿನದಲ್ಲ. ಊರ ಸಮುದಾಯಗಳಿಗೆ ಗುರಿಕಾರರಿದ್ದ ಹಾಗೆ ಇಗರ್ಜಿಯ ಒಂದೊಂದು ವಾಳೆಗೂ ಒಬ್ಬರು. ಯಾರ ಮನೆಯಲ್ಲಿ ಕಾಯಿಲೆ, ಯಾರಿಗೆ ಮದುವೆ ಗೊತ್ತಾಗಿದೆ, ಯಾರ ಸಾವಿಗೆ ಗುಂಡಿ ತೋಡಬೇಕು, ಯಾವ ಮನೆಗಳ ಜಗಳ ಪಾದ್ರಿಯವರೆಗೆ ಹೋಗುವ ಮೊದಲೇ ನಿಲ್ಲಿಸಬೇಕು, ಇವೆಲ್ಲ ಅವರ ಕೆಲಸ. ಇಂದು ಚುನಾವಣೆ ಬಂದಿದೆ, ಪತ್ರಿಕಾ ವರದಿಗಳಲ್ಲಿ ‘21 ಆಯೋಗಗಳ ಸಂಯೋಜಕರು’ ಕಾಣಿಸುತ್ತಾರೆ. ಆದರೂ ವಾಳೆಯ ಕೆಲಸ ತಿಳಿದ ಒಬ್ಬ ಗುರಿಕಾರ ಹತ್ತು ಆಯೋಗಗಳಿಗೆ ಸಮ ಎಂಬುದು ನಮ್ಮ ಅಂಬೋಣ.

ಪ್ರಶ್ನೆ: ಮಗಳ ಮದುವೆಗೆ ಜ್ಞಾನಸ್ನಾನದ ಪ್ರಮಾಣಪತ್ರ ಕೇಳಿದರು. ಹುಟ್ಟಿದಾಗಿನದು ಲ್ಯಾಮಿನೇಟ್ ಮಾಡಿ ಇಟ್ಟದ್ದು ಕೊಟ್ಟರೆ “ಹೊಸತು ತನ್ನಿ” ಎಂದರು. ಜೊತೆಗೆ ಅದರಲ್ಲಿನ ಹೆಸರು ಆಧಾರಿನ ಹೆಸರಿಗೆ ಹೊಂದುತ್ತಿಲ್ಲ. (ಮುಂಬಯಿ)

ಸತಾಯಿಸಲು ಕೇಳಿದ್ದಲ್ಲ. ಮದುವೆಯಾದರೆ ಜ್ಞಾನಸ್ನಾನದ ದಪ್ತರದ ಅಂಚಿನಲ್ಲಿ ಬರೆಯುತ್ತಾರೆ ಎಂದು ಮೇಲೆ ಹೇಳಿದೆವಲ್ಲ, ಹೊಸ ಪ್ರತಿಯಲ್ಲಿ ಆ ಅಂಚಿನ ಟಿಪ್ಪಣಿಯೂ ಬರಬೇಕು. ಟಿಪ್ಪಣಿ ಖಾಲಿ ಎಂದರೆ ಈವರೆಗೆ ಮದುವೆಯಾಗಿಲ್ಲ ಎಂಬುದಕ್ಕೆ ಆಧಾರ. ಹುಟ್ಟಿದಾಗ ಕೊಟ್ಟ ಪ್ರತಿಯಲ್ಲಿ ಅಂಚು ಹೇಗೂ ಖಾಲಿಯೇ. ಸಾಮಾನ್ಯವಾಗಿ ಆರು ತಿಂಗಳೊಳಗಿನ ಪ್ರತಿ ಕೇಳುತ್ತಾರೆ. ಮದುವೆಗೆ ಮೂರು ತಿಂಗಳಿರುವಾಗ ತರಿಸಿ. ಊರಿಂದ ತರಿಸುವಾಗ ಹುಟ್ಟಿದ ತಾರೀಕು, ಜ್ಞಾನಸ್ನಾನದ ಅಂದಾಜು ತಾರೀಕು, ತಂದೆತಾಯಿಯ ಹೆಸರು, ವಾಳೆ ಇಷ್ಟನ್ನೂ ಬರೆದು ಕಳಿಸಿ. “1996ರಲ್ಲಿ ಹುಟ್ಟಿದ ನನ್ನ ಮಗಳದ್ದು” ಎಂದಷ್ಟೇ ಬರೆದರೆ ಆಫೀಸಿನವರು ಒಂದು ವರ್ಷದ ಪುಟ ಮಗುಚಬೇಕು.

ಹೆಸರಿನ ವಿಷಯ. ದಪ್ತರದಲ್ಲಿ ಅಳಿಸುವಂತಿಲ್ಲ, ಬಿಳಿ ಬಳಿಯುವಂತಿಲ್ಲ. ಅಕ್ಷರ ಹೆಚ್ಚುಕಮ್ಮಿ ಆಗಿದ್ದರೆ ಶಾಲಾ ದಾಖಲೆ, ಜನನ ಪ್ರಮಾಣಪತ್ರ ಕೊಟ್ಟು ಬಿಷಪರ ಕಚೇರಿಯ ಅನುಮತಿ ತರಿಸಬೇಕು. ಆಮೇಲೆ ತಿದ್ದುಪಡಿ ಅಂಚಿನಲ್ಲಿ, ಅನುಮತಿಯ ತಾರೀಕಿನ ಸಮೇತ ಬರುತ್ತದೆ. ‘ಜ್ಞಾನಸ್ನಾನದ ಹೆಸರು’ ಒಂದು, ಶಾಲೆಯ ಹೆಸರು ಇನ್ನೊಂದು ಎಂದಿದ್ದರೆ ಅದು ತಪ್ಪೇ ಅಲ್ಲ. ಇಬ್ಬರೂ ಒಬ್ಬರೇ ಎಂಬ ಪತ್ರ ಸಾಕಾಗುತ್ತದೆ. ಉಡುಪಿ ಕಡೆಯ ಇಗರ್ಜಿಯಾದರೆ ನೆನಪಿರಲಿ, 2012ರಿಂದ ಅದು ಪ್ರತ್ಯೇಕ ಧರ್ಮಪ್ರಾಂತ್ಯ. ಮಂಗಳೂರಿಗೆ ಬರೆದ ಅರ್ಜಿ ಅಲ್ಲಿಂದ ತಿರುಗಿ ಬರುವುದರೊಳಗೆ ತಿಂಗಳು ಕಳೆಯುತ್ತದೆ.

ಸರಕಾರಿ ಕೆಲಸಕ್ಕೆ ಈ ಪತ್ರ ಜನನ ಪ್ರಮಾಣಪತ್ರದ ಬದಲಿ ಅಲ್ಲ. ಹಿರಿಯರ ಜನನ ನೋಂದಣಿ ಆಗಿಲ್ಲದೆ ಈಗ ಮಾಡಿಸುವುದಾದರೆ, ಒಂದು ವರ್ಷ ದಾಟಿದ್ದರಿಂದ ಮ್ಯಾಜಿಸ್ಟ್ರೇಟರ ಆದೇಶ ಬೇಕು. ಅಲ್ಲಿ ಜ್ಞಾನಸ್ನಾನದ ಪ್ರತಿಯನ್ನು ಪೂರಕ ದಾಖಲೆಯಾಗಿ ಕೊಡಬಹುದು.

ಪ್ರಶ್ನೆ: ಇಗರ್ಜಿಯ ಗಂಟೆ ಸಂಜೆ ಬಿಟ್ಟು ಬಿಟ್ಟು ಬಡಿಯುವುದೇಕೆ? (ಶಿರ್ವ, ಶಾಲಾ ವಿದ್ಯಾರ್ಥಿ)

ಅದು ಆಮೋರಿಯ, ಅಂದರೆ ಮರಿಯಮ್ಮನವರ ಆಂಜೆಲಸ್ ಪ್ರಾರ್ಥನೆಯ, ಗಂಟೆ. ಮೂರು ಬಡಿತ, ನಿಲುಗಡೆ, ಮತ್ತೆ ಮೂರು, ನಿಲುಗಡೆ, ಮತ್ತೆ ಮೂರು. ಒಂದೊಂದು ನಿಲುಗಡೆಯಲ್ಲಿ ಒಂದು ನಮೋ ಮರಿಯ ಹೇಳಿ ಮುಗಿಸುವಷ್ಟು ಹೊತ್ತು. ಕೊನೆಗೆ ಒಂಬತ್ತು, ಅಥವಾ ಕೆಲವೆಡೆ ಎಡೆಬಿಡದ ಬಡಿತ. ಬೆಳಿಗ್ಗೆ, ಮಧ್ಯಾಹ್ನ, ಸಂಜೆ ಮೂರು ಹೊತ್ತು. ಟೈಮರಿನ ವಿದ್ಯುತ್ ಗಂಟೆ ಹಾಕಿಸಿದ ಕಡೆ ನಿಲುಗಡೆಯನ್ನು ಐದು ಸೆಕೆಂಡಿಗೆ ಇಟ್ಟುಬಿಡುತ್ತಾರೆ. ಅಷ್ಟರಲ್ಲಿ ಯಾರ ಪ್ರಾರ್ಥನೆಯೂ ಮುಗಿಯುವುದಿಲ್ಲ, ಇಪ್ಪತ್ತಕ್ಕೆ ಇಡಬೇಕು.

ಪ್ರಶ್ನೆ: ಮಳೆಗೆ ಮಾಡು ಸೋರಿ ಮರಣದ ದಪ್ತರವೊಂದು ಒದ್ದೆಯಾಗಿದೆ, ಇನ್ನೆರಡಕ್ಕೆ ಗೆದ್ದಲು. ಉಳಿದದ್ದನ್ನು ಲ್ಯಾಮಿನೇಟ್ ಮಾಡಿಸೋಣ ಎನ್ನುತ್ತಿದ್ದಾರೆ. (ಬೆಳ್ತಂಗಡಿ)

ಲ್ಯಾಮಿನೇಷನ್ ಬೇಡವೇ ಬೇಡ. ಬಿಸಿಗೆ ಕರಗಿ ಅಂಟಿದ ಪ್ಲಾಸ್ಟಿಕ್ಕನ್ನು ಮುಂದೆ ಕಾಗದ ಹರಿಯದೆ ತೆಗೆಯಲಾಗದು. ಒಳಗಿನ ಆಮ್ಲ, ತೇವ ಒಳಗೇ ಉಳಿದು ಕಾಗದವನ್ನು ತಿನ್ನುತ್ತವೆ. ಸೆಲೋಟೇಪೂ ಬೇಡ.

ಒದ್ದೆಯಾದದ್ದನ್ನು ಬಿಸಿಲಿಗಿಡಬೇಡಿ, ಒಲೆಯ ಹತ್ತಿರವೂ ಬೇಡ, ಪುಟಗಳು ಸೊಟ್ಟಗಾಗಿ ರಟ್ಟು ಬಿಟ್ಟುಕೊಳ್ಳುತ್ತದೆ. ಪುಸ್ತಕವನ್ನು ಮಲಗಿಸಿ, ತಾನಾಗಿ ಬಿಡುವ ಕಡೆ ಮಾತ್ರ ಹತ್ತಿಪ್ಪತ್ತು ಪುಟಕ್ಕೊಂದು ಹೀರುಕಾಗದ ಇಡಿ. ಫ್ಯಾನು ಕೋಣೆಯಲ್ಲಿ ತಿರುಗಲಿ, ಪುಸ್ತಕದ ನೇರಕ್ಕೆ ಬೇಡ. ಮೊದಲ ದಿನ ಎರಡು ಮೂರು ಗಂಟೆಗೊಮ್ಮೆ ಹೀರುಕಾಗದ ಬದಲಿಸಿ. ಅಂಟಿಕೊಂಡ ಪುಟಗಳನ್ನು ಉಗುರಿನಿಂದ ಬಿಡಿಸುವ ಆಸೆ ತಡೆದುಕೊಳ್ಳಿ, ಒಣಗುತ್ತ ಬಂದಾಗ ಹಲವು ತಾವೇ ಬಿಡುತ್ತವೆ. ಹಳೆ ದಪ್ತರಗಳ ಕಂದು ಶಾಯಿ ಕಬ್ಬಿಣದ್ದು, ಅದರ ಆಮ್ಲ ಕಾಗದವನ್ನು ಸುಡುತ್ತ ಬಂದಿರುತ್ತದೆ. ಪುಟ ಬಗ್ಗಿಸಿದರೆ ದಪ್ಪ ಗೆರೆಯ ಅಕ್ಷರಗಳೇ ಉದುರಿ ಕಿಟಕಿಯಾಗುತ್ತವೆ. ಎರಡು ಕೈಯಿಂದ, ಕೆಳಗೊಂದು ರಟ್ಟು ಕೊಟ್ಟು ಮಗುಚಿ.

ಗೆದ್ದಲು ತಿಂದ ಹೆಸರುಗಳಿಗೆ ದಾರಿ ಇದೆ. 1918ರ ಮೇ ತಿಂಗಳಿಂದ 1983ರವರೆಗೆ ಜಾರಿಯಲ್ಲಿದ್ದ ಹಳೆ ಸಂಹಿತೆಯ 470ನೇ ವಿಧಿಯ ಪ್ರಕಾರ ಪ್ರತಿ ಇಗರ್ಜಿ ವರ್ಷದ ಕೊನೆಗೆ ದಪ್ತರಗಳ ಅಧಿಕೃತ ನಕಲನ್ನು ಬಿಷಪರ ಕಚೇರಿಗೆ ಕಳಿಸಬೇಕಿತ್ತು, ಕುಟುಂಬ ದಪ್ತರವೊಂದನ್ನು ಬಿಟ್ಟು. ಗೆದ್ದಲು ತಿಂದ ವರ್ಷಗಳ ಪಟ್ಟಿ ಮಾಡಿ ಧರ್ಮಗುರುಗಳ ಮೂಲಕ ಅಲ್ಲಿ ಕೇಳಿ. ಸಿಕ್ಕಿದ ಹೆಸರುಗಳನ್ನು ಹೊಸ ಪುಸ್ತಕಕ್ಕೆ ಇಳಿಸುವಾಗ ‘ನಕಲಿನಿಂದ’ ಎಂದು ಪ್ರತಿ ಸಾಲಿಗೂ ಬರೆಯಿರಿ.

ಉಳಿದದ್ದರ ಫೋಟೊವನ್ನು ಈ ಮಳೆಗಾಲ ಮುಗಿಯುವುದರೊಳಗೆ ತೆಗೆದಿಡಿ. ಮೊಬೈಲನ್ನು ಸ್ಟ್ಯಾಂಡಿಗೆ ಕಟ್ಟಿ, ಪಕ್ಕದ ಕಿಟಕಿಯ ಬೆಳಕಿನಲ್ಲಿ, ಫ್ಲ್ಯಾಶ್ ಇಲ್ಲದೆ, ಒಂದು ಪುಟಕ್ಕೆ ಒಂದು ಫೋಟೊ, ನಾಲ್ಕೂ ಅಂಚು ಕಾಣುವಂತೆ. ಖಾಲಿ ಪುಟವನ್ನೂ ಬಿಡಬೇಡಿ, ಬಿಟ್ಟರೆ ಮುಂದೆ ಪುಟ ಕಳೆದಿದೆ ಎಂಬ ಸಂಶಯ ಬರುತ್ತದೆ. ಕಡತಕ್ಕೆ ‘ಮರಣ 1921 ಪುಟ 034’ ಎಂಬಂತೆ ಹೆಸರಿಡಿ. ಮೂರು ಪ್ರತಿ: ಇಗರ್ಜಿಯಲ್ಲಿ ಒಂದು, ಬಿಷಪರ ಕಚೇರಿಯಲ್ಲಿ ಒಂದು, ಊರ ಹೊರಗೆ ಒಂದು. ವಾಟ್ಸಾಪ್ ಗುಂಪಿಗೆ ಮಾತ್ರ ಹಾಕಬೇಡಿ. ತಂದೆಯ ಹೆಸರು ಖಾಲಿ ಬಿಟ್ಟ ಸಾಲುಗಳು ಆ ಪುಟಗಳಲ್ಲಿವೆ, ಅವರ ಮೊಮ್ಮಕ್ಕಳು ಅದೇ ಗುಂಪಿನಲ್ಲಿರುತ್ತಾರೆ.

ಕಪಾಟು ಕಬ್ಬಿಣದ್ದಾದರೆ ಗೋಡೆಯಿಂದ ಒಂದು ಗೇಣು, ನೆಲದಿಂದ ಅರ್ಧ ಅಡಿ ದೂರ ಇರಲಿ. ಮಳೆಗಾಲದಲ್ಲಿ ಮುಚ್ಚಿಟ್ಟ ಕಬ್ಬಿಣದ ಕಪಾಟಿನೊಳಗೆ ಬೆವರುತ್ತದೆ. ಮಳೆ ಬಿಟ್ಟು ಗಾಳಿ ಒಣಗಿರುವ ದಿನ ನೋಡಿ ವಾರಕ್ಕೊಮ್ಮೆ ಒಂದೆರಡು ಗಂಟೆ ಬಾಗಿಲು ತೆರೆದಿಡಿ.